ಬೆನ್ನುಹುರಿಯ ಒತ್ತಡ: ಇಲಿಯಲ್ಲಿ ಕಂಡದ್ದು, ನಾಯಿಯಲ್ಲಿ ಕಂಡದ್ದು

ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂರುವವರಿಗಾಗಲಿ, ಜಮಖಂಡಿ ಕಡೆ ಕಬ್ಬಿನ ಹೊರೆ ಹೊರುವವರಿಗಾಗಲಿ ಕುತ್ತಿಗೆ ನೋವು ಹೊಸದಲ್ಲ. ಹೆಚ್ಚಿನ ಸಲ ಅದು ಸ್ನಾಯುವಿನ ನೋವು. ಆದರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸತೊಡಗಿದರೆ, ನಡೆಯುವಾಗ ಕಾಲು ಬಿಗಿದರೆ, ಚಪ್ಪಲಿ ಕಳಚಿದ್ದು ಗೊತ್ತಾಗದಿದ್ದರೆ ವೈದ್ಯರ ಸಂಶಯ ಬೆನ್ನುಹುರಿಯ ಕಡೆ ತಿರುಗುತ್ತದೆ. ಸವೆದ ಡಿಸ್ಕೋ ಬೆಳೆದ ಎಲುಬೋ ಅದನ್ನು ಒತ್ತುತ್ತಿರಬಹುದು. ಒತ್ತಿದಲ್ಲಿ ರಕ್ತ ಸಾಲದಾಗುತ್ತದೆ, ನರತಂತುಗಳ ಹೊದಿಕೆ ಕಳಚುತ್ತದೆ. ಬದುಕಿರುವ ಮನುಷ್ಯನ ಹುರಿಯನ್ನು ಕತ್ತರಿಸಿ ಇದನ್ನು ನೋಡಲಾಗದು. ಅದಕ್ಕೇ ಪ್ರಾಣಿಗಳು.

ಮೊದಲು ಒಂದು ಭೇದ ತಿಳಿದಿರಲಿ. ಮರದಿಂದ ಬಿದ್ದಾಗ ಆಗುವ ಒತ್ತಡ ಕ್ಷಣದ್ದು. ಸವೆತದಿಂದ ಬರುವುದು ವರ್ಷಗಳದ್ದು. ಮೊದಲನೆಯದಕ್ಕೆ ಟೊರೊಂಟೊದ ರಿವ್ಲಿನ್ ಮತ್ತು ಟೇಟರ್ 1978ರಲ್ಲಿ ತೋರಿಸಿದ ದಾರಿಯಿದೆ: ಅರಿವಳಿಕೆ ಕೊಟ್ಟ ಇಲಿಯ ಹುರಿಗೆ, ಬಿಗಿತ ಅಳೆದ ಸಣ್ಣ ಕ್ಲಿಪ್ ಹಾಕಿ ತೆಗೆಯುವುದು. ಎರಡನೆಯದಕ್ಕೆ ಬೆನ್ನುಮಣಿಯ ಕೆಳಗೆ ತೆಳು ಪಾಲಿಮರ್ ಹಾಳೆ ಸೇರಿಸುತ್ತಾರೆ. ನೆನೆಹಾಕಿದ ಕಡಲೆಯಂತೆ ಅದು ನೀರು ಹೀರಿ ಉಬ್ಬುತ್ತದೆ. ಇಲಿಯ ನಡಿಗೆ ಕೆಲವು ವಾರಗಳಲ್ಲಿ ಕೆಡುತ್ತದೆ. ನಡಿಗೆ ಅಳೆಯಲು 0ಯಿಂದ 21ರವರೆಗಿನ ಬಿಬಿಬಿ ಅಂಕ 1995ರಿಂದ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಟ್ಟುಪಾಡಿದೆ, ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು.

ಇಲಿಯನ್ನು ಪೂರ್ತಿ ನಂಬುವಂತಿಲ್ಲ. ಮಿದುಳಿನಿಂದ ಚಲನೆಯ ಆಜ್ಞೆ ತರುವ ಮುಖ್ಯ ತಂತುಗಳು ಅದರ ಹುರಿಯಲ್ಲಿ ಬೆನ್ನಿನ ಕಡೆ ಇರುತ್ತವೆ, ನಮ್ಮಲ್ಲಿ ಪಕ್ಕದಲ್ಲಿ. ಇಲಿ ಚೇತರಿಸಿಕೊಂಡಿತೆಂದು ಮನುಷ್ಯನಿಗೂ ಔಷಧಿ ಹಿಡಿಯುತ್ತದೆ ಎನ್ನುವವರ ಮಾತಿಗೆ ನಾನು ಅಷ್ಟು ಸುಲಭವಾಗಿ ತಲೆದೂಗುವುದಿಲ್ಲ.

ನಾಯಿಯ ಕಥೆ ಬೇರೆ. ಅದಕ್ಕೆ ರೋಗ ತಾನಾಗಿಯೇ ಬರುತ್ತದೆ. ನಾಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ತಿಮ್ಮಾಪುರದಲ್ಲಿ ತನ್ನದೇ ಸಂಶೋಧನಾ ಕೇಂದ್ರವಿರುವ ಮುಧೋಳ ನಾಯಿ. ಆದರೆ ಬೆನ್ನುಹುರಿಯ ಅಧ್ಯಯನಗಳಲ್ಲಿ ಹೆಚ್ಚು ಕಾಣುವುದು ಆ ಉದ್ದಗಾಲಿನ ಓಟಗಾರನಲ್ಲ, ಗಿಡ್ಡಗಾಲಿನ ಡ್ಯಾಶ್‌ಹುಂಡ್. ಕಾಲನ್ನು ಗಿಡ್ಡವಾಗಿಸುವ ವಂಶವಾಹಿ ಬದಲಾವಣೆಯೊಂದು ಅದರ ಡಿಸ್ಕನ್ನೂ ಚಿಕ್ಕ ವಯಸ್ಸಿನಲ್ಲೇ ಗಡುಸಾಗಿಸುತ್ತದೆ. ಸೋಫಾದಿಂದ ಜಿಗಿದದ್ದೇ ಸಾಕು, ಡಿಸ್ಕ್ ಒಡೆದು ಹುರಿಗೆ ಒತ್ತಿ ಹಿಂಗಾಲು ಬೀಳಬಹುದು. ಅಂಥ ನಾಯಿಗೆ ಹೇಗೂ ಎಂಆರ್‌ಐ, ಶಸ್ತ್ರಚಿಕಿತ್ಸೆ ನಡೆಯುತ್ತವೆ. ಯಾರೂ ಬೇಕೆಂದು ಗಾಯ ಮಾಡಬೇಕಿಲ್ಲ.

ಪಶುವೈದ್ಯರ ಪರೀಕ್ಷೆಯೊಂದನ್ನು ಗಮನಿಸಿ. ಹಿಂಗಾಲಿನ ಬೆರಳನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಸುಕುತ್ತಾರೆ. ನಾಯಿ ಕಾಲು ಎಳೆದುಕೊಂಡರೆ ಮಾಲೀಕರ ಮುಖ ಅರಳುತ್ತದೆ, ವೈದ್ಯರದು ಅರಳುವುದಿಲ್ಲ. ಎಳೆದುಕೊಳ್ಳುವುದು ಹುರಿಯ ಕೆಳಭಾಗ ತಾನೇ ಮಾಡಬಲ್ಲ ಕೆಲಸ, ಮಿದುಳಿಗೆ ಸುದ್ದಿಯೇ ಹೋಗಿರದಿರಬಹುದು. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕುಂಯ್ ಎನ್ನಬೇಕು. ಹಾಗೆ ನೋವು ತಿಳಿದವುಗಳಲ್ಲಿ ಬಹುತೇಕ ನಾಯಿಗಳು ಶಸ್ತ್ರಚಿಕಿತ್ಸೆಯ ನಂತರ ನಡೆಯುತ್ತವೆ. ನೋವೇ ತಿಳಿಯದವುಗಳಲ್ಲಿ ಸುಮಾರು ಅರ್ಧ ಮಾತ್ರ. ಹೊಸ ಔಷಧಿಯ ಪರೀಕ್ಷೆಗೆ ಈ ಎರಡನೆಯ ಗುಂಪನ್ನೇ ಆರಿಸುವುದುಂಟು, ಏಕೆಂದರೆ ತಾನಾಗಿ ಏಳುವ ನಾಯಿಯಲ್ಲಿ ಔಷಧಿಯ ಪಾಲು ಎಷ್ಟೆಂದು ಹೇಳುವುದು ಕಷ್ಟ.