ನಾಯಕತ್ವ ಒಬ್ಬರ ಸ್ವತ್ತಲ್ಲ



ಸಂಘದಲ್ಲಿ ಪ್ರತಿನಿಧಿಗಳ ಆಯ್ಕೆ ಬಂತೆಂದರೆ ಹೆಚ್ಚಿನ ಕಡೆ ಒಂದೇ ಮಾತು: “ಅವರೇ ಇರಲಿ ಬಿಡಿ, ಅವರಿಗೆ ಓದು ಬರಹ ಗೊತ್ತುಂಟು. ನಮ್ಮಿಂದೆಲ್ಲ ಆಗೋದಿಲ್ಲ.” ಕೇಳಲು ಇದು ವಿನಯದ ಮಾತು. ಆದರೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಹೀಗೊಂದು ಸಂಘವನ್ನು ನೆನೆಸಿಕೊಳ್ಳೋಣ. ಸದಸ್ಯರು 15 ಮಂದಿ. ಆರು ವರ್ಷಗಳಿಂದ ಒಬ್ಬರೇ ಪ್ರತಿನಿಧಿ. ಪುಸ್ತಕಗಳು ಅವರ ಮನೆಯಲ್ಲಿ, ಬ್ಯಾಂಕಿಗೆ ಹೋಗುವುದು ಅವರೇ, ಸಾಲ ಯಾರಿಗೆ ಎಂದು ತೀರ್ಮಾನಿಸುವುದೂ ಅವರೇ. ಮಗಳ ಬಾಣಂತನಕ್ಕೆಂದು ಅವರು ಊರು ಬಿಟ್ಟರೆ ಮೂರು ತಿಂಗಳು ಸಭೆ ಇಲ್ಲ, ಕಂತು ಇಲ್ಲ. ಬ್ಯಾಂಕ್ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ! ಇದಕ್ಕೆ ಹೊಣೆ ಆ ಪ್ರತಿನಿಧಿ ಮಾತ್ರವಲ್ಲ, ಸುಮ್ಮನೆ ಕೂತ 14 ಮಂದಿಯೂ ಹೌದು.

ಬ್ಯಾಂಕ್ ನಮ್ಮನ್ನು ನಂಬುವುದು ಏಕೆ?

1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಜಮೀನು, ಚಿನ್ನ ಅಡವಿಡದ ಬಡ ಹೆಂಗಸರಿಗೆ ಸಾಲ ಸಿಗುವ ದಾರಿ ಹೀಗೆ ತೆರೆಯಿತು. ಅಡಮಾನದ ಬದಲು ಬ್ಯಾಂಕ್ ನೋಡುವುದು ಪಂಚಸೂತ್ರವನ್ನು: ಕ್ರಮವಾದ ಸಭೆ, ಕ್ರಮವಾದ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ ಪುಸ್ತಕ. ಈ ಐದನ್ನೂ ಒಬ್ಬರೇ ಹೊರಲಾರರು. ಆದ್ದರಿಂದ ಎಲ್ಲರೂ ಕಲಿಯಬೇಕಾದ ಐದು ಗುಣಗಳನ್ನು ನೋಡೋಣ.

1. ಬಾಯಿಬಿಟ್ಟು ಮಾತಾಡುವುದು: ಪ್ರತಿ ಸಭೆಯಲ್ಲಿ ಪ್ರತಿಯೊಬ್ಬರೂ ಎರಡು ಮಾತು ಹೇಳಲಿ. ಯಾವಾಗಲೂ ಮೂಲೆಯಲ್ಲಿ ಕೂರುವವರಿಗೆ ಮೊದಲ ಅವಕಾಶ. ಮನೆಯಲ್ಲಿ ಮಾತಾಡುವ ಭಾಷೆಯೇ ಸಾಕು.

2. ಕಿವಿಗೊಟ್ಟು ಕೇಳುವುದು: ಒಬ್ಬರು ಕಂತು ತರದಿದ್ದರೆ ಎಲ್ಲರೆದುರು ಬೈಯುವುದು ನಾಯಕತ್ವವಲ್ಲ. “ಏನು ಕಷ್ಟ ಬಂತು?” ಎಂದು ಕೇಳಿ. ಹಾಗೆಂದು ಕಂತು ಬಿಟ್ಟುಬಿಡುವುದೂ ಬೇಡ. ಹೊಸ ದಿನ ಗೊತ್ತುಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ.

3. ಲೆಕ್ಕ ತಿಳಿಯುವುದು: ಒಬ್ಬರು 5,000 ರೂಪಾಯಿ ಸಾಲ ಪಡೆದು ತಿಂಗಳಿಗೆ 500ರಂತೆ 10 ಕಂತು ಕಟ್ಟುತ್ತಾರೆ. ಬಡ್ಡಿ ತಿಂಗಳಿಗೆ 100ಕ್ಕೆ 2 ರೂಪಾಯಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 100, ಮುಂದಿನ ತಿಂಗಳು 90, ಆಮೇಲೆ 80. ಹೀಗೆ ಇಳಿಯುತ್ತಾ ಒಟ್ಟು 550 ರೂಪಾಯಿ. ಪ್ರತಿ ತಿಂಗಳೂ ಪೂರ್ತಿ 5,000ಕ್ಕೇ ಹಾಕಿದರೆ 1,000 ರೂಪಾಯಿ. ವ್ಯತ್ಯಾಸ 450! ನಮ್ಮ ಸಂಘದಲ್ಲಿ ಯಾವ ಕ್ರಮ ಇದೆ? ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಅದು ಸದಸ್ಯೆಯ ಹಕ್ಕು. ಓದಲು ಬಾರದವರು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಬೇಕು.

4. ಹೊರಗೆ ಹೆಜ್ಜೆ ಇಡುವುದು: ಈಜು ಕಲಿಯಬೇಕಾದರೆ ನೀರಿಗಿಳಿಯಲೇಬೇಕು. ಬ್ಯಾಂಕಿಗೆ ಹೋಗುವಾಗ ಪ್ರತಿ ತಿಂಗಳು ಒಬ್ಬ ಹೊಸ ಸದಸ್ಯೆಯನ್ನು ಕರೆದೊಯ್ಯಿರಿ. ಚಲನ್ ಅವರೇ ತುಂಬಲಿ, ಪಾಸ್‌ಬುಕ್ ಅವರೇ ಬರೆಸಿಕೊಂಡು ಬರಲಿ, ಬಂದು ಸಭೆಗೆ ವರದಿ ಹೇಳಲಿ.

5. ಬಿಟ್ಟುಕೊಡುವುದು: ಇದು ಎಲ್ಲಕ್ಕಿಂತ ಕಷ್ಟ. “ನಾನಿಲ್ಲದಿದ್ರೆ ಸಂಘ ನಡೆಯೋದಿಲ್ಲ” ಎನ್ನುವುದು ಹೆಮ್ಮೆಯ ಮಾತಲ್ಲ. ನಾವಿಲ್ಲದಾಗಲೂ ಸಂಘ ನಡೆದರೆ ಅದೇ ನಮ್ಮ ಗೆಲುವು. ಸರದಿ ಪ್ರಕಾರ ಪ್ರತಿನಿಧಿಗಳನ್ನು ಬದಲಾಯಿಸಿ. ಬದಲಾದ ಕೂಡಲೇ ನಿರ್ಣಯ ಬರೆದು ಬ್ಯಾಂಕಿನಲ್ಲಿ ಸಹಿ ಬದಲಿಸಿ. ಹಳಬರು ಎರಡು ತಿಂಗಳು ಪಕ್ಕದಲ್ಲಿ ಕೂತು ಕಲಿಸಲಿ.

ಸಂಘದಿಂದ ಊರಿಗೆ

ಸಂಘದಲ್ಲಿ ಕಲಿತದ್ದು ಸಂಘದಲ್ಲೇ ಉಳಿಯುವುದಿಲ್ಲ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇಕಡಾ 25 ಸ್ಥಾನ ಕೊಟ್ಟಿತು. 2010ರ ತಿದ್ದುಪಡಿ ಅದನ್ನು ಶೇಕಡಾ 50ಕ್ಕೆ ಏರಿಸಿತು. ಸ್ಥಾನವನ್ನು ಕಾಯ್ದೆ ಕೊಡುತ್ತದೆ, ಧೈರ್ಯವನ್ನು ಕೊಡುವುದಿಲ್ಲ. 15 ಮಂದಿಯ ಎದುರು ಲೆಕ್ಕ ಕೇಳಿದವಳು ನಾಳೆ ಗ್ರಾಮಸಭೆಯಲ್ಲಿ ಎದ್ದು “ನಮ್ಮ ಕೇರಿಗೆ ನೀರು ಯಾಕೆ ಬಂದಿಲ್ಲ?” ಎಂದು ಕೇಳುತ್ತಾಳೆ. ಹೆಸರಿಗೆ ಸದಸ್ಯೆಯಾಗಿ, ಕೆಲಸವೆಲ್ಲ ಗಂಡನ ಕೈಗೆ ಕೊಡುವ ಪ್ರಸಂಗ ಅವಳಿಗೆ ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಿ

* ನಮ್ಮ ಪ್ರತಿನಿಧಿಗಳು ಬದಲಾಗಿ ಎಷ್ಟು ಕಾಲವಾಯಿತು?
* ಸಂಘದ ಒಟ್ಟು ಉಳಿತಾಯ ಎಷ್ಟು, ಹೊರಗಿರುವ ಸಾಲ ಎಷ್ಟು? ಪುಸ್ತಕ ನೋಡದೆ ಎಷ್ಟು ಮಂದಿ ಹೇಳಬಲ್ಲರು?
* ಇದುವರೆಗೆ ಬ್ಯಾಂಕಿಗೆ ಹೋಗದವರು ಯಾರು? ಮುಂದಿನ ತಿಂಗಳು ಯಾರು ಹೋಗುತ್ತೀರಿ?

ಮೂರನೆಯ ಪ್ರಶ್ನೆಗೆ ಬಂದ ಹೆಸರನ್ನು ಇಂದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.