ಮನೆಯೊಳಗಿನ ಬೇಟೆನಾಯಿ

ಮುಧೋಳದ ಬೇಟೆನಾಯಿಯು ವೇಗಕ್ಕೂ ತೀಕ್ಷ್ಣದೃಷ್ಟಿಗೂ ಹೆಸರಾದುದು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಬಯಲಿನಲ್ಲಿ ಮೊಲವನ್ನು ಬೆನ್ನಟ್ಟಲೆಂದೇ ಬೆಳೆಸಿದ ಈ ತಳಿಯನ್ನು ಹಗಲೆಲ್ಲ ಪಡಸಾಲೆಯ ಕಂಬಕ್ಕೆ ಬಿಗಿದರೆ ಆಗುವುದೇನು? ಓಡಲು ಹುಟ್ಟಿದ ಕಾಲು ಅಂಗಳವನ್ನು ಕೆದರುತ್ತದೆ; ಬಾಯಿ ಚಪ್ಪಲಿಯನ್ನು ಕಡಿಯುತ್ತದೆ; ಕಣ್ಣೆದುರು ಓಡಿದ ಕೋಳಿಯೂ ಮೊಲವಾಗಿ ತೋರುತ್ತದೆ. ಮನೆಯವರು ಅದನ್ನು ಹೊಡೆಯುತ್ತಾರೆ. ಕೆಲವರು ಊರಾಚೆ ಬಿಟ್ಟುಬರುತ್ತಾರೆ. ತಪ್ಪು ಯಾರದು?

ಸಿರುಗುಪ್ಪ, ಕರೂರುಗಳ ಬಯಲಿನಲ್ಲಿ ಕುರಿಗಾಹಿಯ ನಾಯಿಯನ್ನು ನೋಡಿರಿ: ಹಗಲು ಮಂದೆಯೊಡನೆ ನಡೆದು, ಇರುಳು ಹಟ್ಟಿಯನ್ನು ಕಾಯುವ ಅದಕ್ಕೆ ಚೇಷ್ಟೆಗೆ ಬಿಡುವೆಲ್ಲಿ? ಆದುದರಿಂದ ಬೇಟೆನಾಯಿಯನ್ನು ಸಾಕುವವರು ದಿನವೂ ಬೆಳಗು ಸಂಜೆ ಬೇಲಿಯುಳ್ಳ ಬಯಲಿನಲ್ಲಿ ಅದನ್ನು ಓಡಿಸಬೇಕು. ಕರೆದೊಡನೆ ಬರುವುದನ್ನು ಎಳವೆಯಲ್ಲಿಯೇ ಕಲಿಸಬೇಕು. ಅನ್ನವಿಕ್ಕಿದ ಮಾತ್ರಕ್ಕೆ ಸಾಕಿದಂತಾಗದು. ಅದರ ಸ್ವಭಾವಕ್ಕೆ ತಕ್ಕ ಕೆಲಸವನ್ನೂ ಕೊಡಬೇಕು.