ಮೂರು ವರ್ಷದ ಬುದ್ಧಿ ನೂರು ವರ್ಷದ ತನಕವೇ?

ವ್ಯಕ್ತಿತ್ವ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮ ಹಿರಿಯರ ಬಳಿ ಉತ್ತರ ಸಿದ್ಧವಾಗಿರುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುವವರಿದ್ದಾರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಬೆಳೆಸುವವರಿಗೆ ಹೊಣೆ ನೆನಪಿಸುವವರಿದ್ದಾರೆ. ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಎಂಬುದಂತೂ ಎಲ್ಲರ ಬಾಯಲ್ಲೂ ಇದೆ. ಮನೋವಿಜ್ಞಾನ ಓದಲು ಹೊಸದಾಗಿ ಬಂದವರಿಗೆ ನಾನು ಮೊದಲು ಈ ಮೂರು ಗಾದೆಗಳನ್ನೇ ಹೇಳುತ್ತೇನೆ. ಏಕೆಂದರೆ ಕಳೆದ ನೂರು ವರ್ಷಕ್ಕೂ ಹೆಚ್ಚು ಕಾಲ ಮನೋವಿಜ್ಞಾನಿಗಳು ವಾದ ಮಾಡಿರುವುದು ಹೆಚ್ಚೂಕಡಿಮೆ ಇವುಗಳ ಸುತ್ತಲೇ. ಮನುಷ್ಯ ಹಾಗೆಯೇ ಹುಟ್ಟಿದನೇ? ಮನೆಯವರು ಅವನನ್ನು ಹಾಗೆ ಮಾಡಿದರೇ? ಎಳವೆಯಲ್ಲಿ ಆದದ್ದು ಮುಂದೆ ಬದಲಾಗುವುದಿಲ್ಲವೇ?

ಈ ಚರ್ಚೆಗೆ ಆಧುನಿಕ ರೂಪ ಕೊಟ್ಟವರು ವಿಯೆನ್ನಾದ ನರರೋಗ ವೈದ್ಯ ಸಿಗ್ಮಂಡ್ ಫ್ರಾಯ್ಡ್ (1856–1939). ದೇಹದಲ್ಲಿ ಕಾರಣವೇ ಕಾಣದ ಕಾಯಿಲೆಗಳನ್ನು ಹೊತ್ತು ಬಂದವರನ್ನು ಅವರು ಮಲಗಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಸುತ್ತಿದ್ದರು. ಮಾತು ಮತ್ತೆ ಮತ್ತೆ ಬಾಲ್ಯದತ್ತ ತಿರುಗುತ್ತಿತ್ತು. ನಮ್ಮೊಳಗೆ ‘ಈಗಲೇ ಬೇಕು’ ಎನ್ನುವ ಒಂದು ಶಕ್ತಿ, ‘ಕೂಡದು’ ಎನ್ನುವ ಇನ್ನೊಂದು, ಇವೆರಡನ್ನೂ ಹೊರಗಿನ ಲೋಕವನ್ನೂ ಸಂಭಾಳಿಸುವ ಮತ್ತೊಂದು ಇದೆ ಎಂದು 1923ರಲ್ಲಿ ಅವರು ವಿವರಿಸಿದರು. ಇವೇ ಇಡ್, ಸೂಪರ್ ಈಗೋ ಮತ್ತು ಈಗೋ. ಮಗುವಿನ ಸುಖದ ಕೇಂದ್ರ ಬಾಯಿಯಿಂದ ಮೊದಲಾಗಿ ಹಂತಹಂತವಾಗಿ ಬೇರೆಡೆಗೆ ಸಾಗುತ್ತದೆ, ಯಾವುದಾದರೂ ಹಂತದಲ್ಲಿ ತೊಡಕಾದರೆ ಅದರ ಗುರುತು ಉಳಿದುಬಿಡುತ್ತದೆ, ಐದಾರು ವರ್ಷಕ್ಕೆ ವ್ಯಕ್ತಿತ್ವದ ಅಡಿಪಾಯ ಬಿದ್ದಾಗಿರುತ್ತದೆ ಎಂಬುದು ಅವರ ಸಿದ್ಧಾಂತ.

ಇಲ್ಲಿ ಹೊಸಬರು ಒಂದು ಸಂಗತಿಯನ್ನು ಗಮನಿಸಬೇಕು. ಬಾಲ್ಯದ ಬಗ್ಗೆ ಇಷ್ಟು ಬರೆದ ಫ್ರಾಯ್ಡ್ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದು ಬಹಳ ಕಡಿಮೆ. ಅವರ ಆಧಾರ ಬಹುಪಾಲು ದೊಡ್ಡವರ ನೆನಪು. ಅವರ ಹಂತಗಳ ವಿವರಗಳು ಮುಂದಿನ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ನಮ್ಮ ನಡವಳಿಕೆಯ ಎಷ್ಟೋ ಕಾರಣಗಳು ನಮಗೇ ಗೊತ್ತಿರುವುದಿಲ್ಲ ಎಂಬ ಅವರ ಮಾತು ನಿಂತಿದೆ.

ಫ್ರಾಯ್ಡ್ ಅವರಿಂದ ಮೊದಲು ದೂರವಾದವರು ಆಲ್ಫ್ರೆಡ್ ಆ್ಯಡ್ಲರ್. ಕೀಳರಿಮೆಯನ್ನು ಮೀರುವ ಹಟವೇ ಮನುಷ್ಯನನ್ನು ಮುಂದಕ್ಕೆ ತಳ್ಳುತ್ತದೆ ಎಂದರು ಅವರು. ಆಮೇಲೆ ದೂರವಾದ ಕಾರ್ಲ್ ಯೂಂಗ್ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ನಮಗೆ ಕೊಟ್ಟವರು. ಬದುಕಿನ ಎರಡನೇ ಅರ್ಧಕ್ಕೂ ಅದರದೇ ಆದ ಕೆಲಸವಿದೆ, ನಲವತ್ತರ ಆಚೆಗೂ ಮನಸ್ಸು ಬೆಳೆಯಬೇಕು ಎಂದು ಒತ್ತಿ ಹೇಳಿದರು. 1937–38ರಲ್ಲಿ ಭಾರತಕ್ಕೆ ಬಂದಾಗ ಅವರು ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಆಳವಾದ ಮಾತುಕತೆ ನಡೆಸಿದ್ದರು.

ಒಂದೇ ಸಿದ್ಧಾಂತವನ್ನು ನಿಧಾನವಾಗಿ ಓದುವಷ್ಟು ಸಮಯ ನಿಮಗಿದ್ದರೆ ಎರಿಕ್ ಎರಿಕ್ಸನ್ ಅವರದನ್ನು ಓದಿ ಎನ್ನುತ್ತೇನೆ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎರಿಕ್ಸನ್ ಅವರಿಗೆ ತಮ್ಮ ಹೆತ್ತ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದವರು ಯಹೂದಿ ವೈದ್ಯರು. ಹುಡುಗ ಎತ್ತರ, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಅವನನ್ನು ಹೊರಗಿನವನೆಂದು ಛೇಡಿಸುತ್ತಿದ್ದರು, ಶಾಲೆಯಲ್ಲಿ ಯಹೂದಿ ಎಂದು ಛೇಡಿಸುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತದೆ ಚಿತ್ರ ಬರೆಯುತ್ತ ಊರೂರು ಅಲೆದ ಈ ಯುವಕ ವಿಯೆನ್ನಾದಲ್ಲಿ ಫ್ರಾಯ್ಡರ ಮಗಳು ಆ್ಯನಾ ಅವರ ಬಳಿ ತರಬೇತಿ ಪಡೆದು 1933ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಪೌರತ್ವ ಪಡೆಯುವಾಗ ‘ಎರಿಕ್ಸನ್’ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ‘ನಾನು ಯಾರು’ ಎಂಬ ಹರೆಯದ ತೊಳಲಾಟವನ್ನು ಮನೋವಿಜ್ಞಾನದ ನಡುಮನೆಗೆ ತಂದವರು ಇವರೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

1950ರ ‘ಬಾಲ್ಯ ಮತ್ತು ಸಮಾಜ’ ಗ್ರಂಥದಲ್ಲಿ ಅವರು ಮನುಷ್ಯನ ಬದುಕನ್ನು ಎಂಟು ಘಟ್ಟಗಳಾಗಿ ನೋಡಿದರು. ಪ್ರತಿ ಘಟ್ಟದಲ್ಲೂ ಒಂದು ಸೆಣಸಾಟವಿದೆ. ಹಸುಗೂಸು ಅತ್ತಾಗ ಯಾರಾದರೂ ಬರುತ್ತಾರೆಯೇ ಎಂಬುದರ ಮೇಲೆ ಲೋಕದ ಬಗ್ಗೆ ನಂಬಿಕೆಯೋ ಅಪನಂಬಿಕೆಯೋ ಕುದುರುತ್ತದೆ. ಎರಡನೆಯದನ್ನು ಮನೆಯಲ್ಲೇ ನೋಡಬಹುದು. ಹೊರಡುವ ಗಡಿಬಿಡಿ. ಎರಡೂವರೆ ವರ್ಷದ ಮಗು ‘ನಾನೇ’ ಎಂದು ಚಪ್ಪಲಿ ಕಿತ್ತುಕೊಂಡು ಹೊಸ್ತಿಲ ಮೇಲೆ ಕೂರುತ್ತದೆ. ಎಡಗಾಲಿನದನ್ನು ಬಲಗಾಲಿಗೆ ತುರುಕುತ್ತದೆ, ಪಟ್ಟಿ ಸಿಗುವುದಿಲ್ಲ, ಮುಖ ಕೆಂಪಾಗುತ್ತದೆ. ನಾವು ಬಾಗಿ ‘ಕೊಡಿಲ್ಲಿ, ನಿನಗೆ ಬರಲ್ಲ’ ಎಂದು ಎರಡು ಕ್ಷಣದಲ್ಲಿ ತೊಡಿಸಿಬಿಡುತ್ತೇವೆ. ಹೀಗೆ ಒಂದು ದಿನ ಮಾಡಿದರೆ ಏನೂ ಆಗುವುದಿಲ್ಲ. ದಿನವೂ ಹೀಗೇ ಆದರೆ ‘ನನ್ನಿಂದ ಆಗುತ್ತದೆ’ ಎಂಬ ಸ್ವಾಯತ್ತತೆಯ ಜಾಗದಲ್ಲಿ ನಾಚಿಕೆ ಮತ್ತು ಅನುಮಾನ ಬೇರುಬಿಡುತ್ತವೆ ಎನ್ನುತ್ತಾರೆ ಎರಿಕ್ಸನ್.

ಮುಂದೆ ಆಟದ ವಯಸ್ಸಿನ ಉತ್ಸಾಹ, ಶಾಲೆಯ ದಿನಗಳ ಶ್ರಮ ಮತ್ತು ಕೀಳರಿಮೆ, ಹರೆಯದಲ್ಲಿ ಅಸ್ಮಿತೆಯ ಹುಡುಕಾಟ, ಯೌವನದಲ್ಲಿ ಆಪ್ತತೆ. ನಡುವಯಸ್ಸಿಗೆ ಬಂದಾಗ ಮುಂದಿನ ಪೀಳಿಗೆಗೆ ಏನನ್ನಾದರೂ ಬೆಳೆಸಿಕೊಡುವ ತುಡಿತ. ಅದಿಲ್ಲದಿದ್ದರೆ ಬದುಕು ನಿಂತ ನೀರು. ಕೊನೆಗೆ ಬದುಕಿದ್ದನ್ನು ಒಪ್ಪಿಕೊಳ್ಳುವ ಸಮಾಧಾನ, ಇಲ್ಲವೇ ಹತಾಶೆ. ಒಂದು ಘಟ್ಟದಲ್ಲಿ ಸೋತವನು ಕೆಟ್ಟೇಹೋದ ಎಂದು ಎರಿಕ್ಸನ್ ಹೇಳುವುದಿಲ್ಲ. ಅಲ್ಲಿ ಬಾಕಿ ಉಳಿದದ್ದು ಮುಂದೆ ಬೇರೆ ರೂಪದಲ್ಲಿ ಎದುರಾಗುತ್ತದೆ, ಸರಿಪಡಿಸಿಕೊಳ್ಳುವ ಅವಕಾಶವನ್ನೂ ತರುತ್ತದೆ. ನನಗೆ ಈ ಸಿದ್ಧಾಂತ ಪ್ರಿಯವಾಗಿರುವುದು ಇದೇ ಕಾರಣಕ್ಕೆ. ಹಿಂದುಳಿದ ಮಗುವಿನ ಎದುರು ನಿಂತ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ.

ಆದರೆ ಎಲ್ಲವೂ ಬೆಳೆಸುವವರ ಕೈಯಲ್ಲಿಲ್ಲ. ಇದನ್ನು ತೋರಿಸಿಕೊಟ್ಟವರು ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. ಮಗುವಿನ ಪ್ರತಿ ತೊಂದರೆಗೂ ತಾಯಿಯನ್ನೇ ದೂರುವ ರೂಢಿ ಅವರನ್ನು ಕಾಡುತ್ತಿತ್ತು. 1956ರಿಂದ ಅವರು ಮಕ್ಕಳನ್ನು ಹಸುಗೂಸುಗಳಾಗಿದ್ದಾಗಿನಿಂದಲೇ ಗಮನಿಸುತ್ತ ಹೋದರು. ಹಸಿವು, ನಿದ್ದೆಗಳು ಹೊತ್ತಿಗೆ ಸರಿಯಾಗಿ ಬರುವ, ಬೇಗ ಹೊಂದಿಕೊಳ್ಳುವ ಮಕ್ಕಳಿದ್ದರು. ಹೊಸದೆಂದರೆ ಕಿರುಚಾಡುವ, ಹೊತ್ತುಗೊತ್ತಿಲ್ಲದ ಮಕ್ಕಳಿದ್ದರು. ಮೊದಲು ಹಿಂಜರಿದು ನಿಧಾನವಾಗಿ ಬೆರೆಯುವವರೂ ಇದ್ದರು. ಮನೆಯವರು ಪಾಠ ಹೇಳುವ ಮೊದಲೇ ಈ ವ್ಯತ್ಯಾಸಗಳು ಕಾಣುತ್ತಿದ್ದವು.

ಅವರ ಅತಿ ಮುಖ್ಯವಾದ ವಿಚಾರ ‘ಹೊಂದಾಣಿಕೆ’. ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಮಾಡುವ ಮಕ್ಕಳು ನ್ಯೂಯಾರ್ಕಿನ ಮಧ್ಯಮವರ್ಗದ ಮನೆಗಳಲ್ಲಿ ಬೇಗನೆ ಸಮಸ್ಯೆಯಾಗುತ್ತಿದ್ದರು. ಅದೇ ನಗರದ ಪೋರ್ಟೊರಿಕನ್ ದುಡಿಯುವ ಕುಟುಂಬಗಳಲ್ಲಿ ಮಕ್ಕಳು ನಿದ್ದೆ ಬಂದಾಗ ಮಲಗಿದರೆ ಯಾರಿಗೂ ತಕರಾರಿರಲಿಲ್ಲ, ಹಾಗಾಗಿ ಸಮಸ್ಯೆಯೂ ಇರಲಿಲ್ಲ. ಆ ಮಕ್ಕಳು ಶಾಲೆಗೆ ಸೇರಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಏಳಬೇಕಾಗಿ ಬಂದಾಗ ಅಲ್ಲೂ ತೊಂದರೆ ಶುರುವಾಯಿತು. ಮಗುವಿನ ಗುಣ ಬದಲಾಗಿರಲಿಲ್ಲ. ಸುತ್ತಲಿನವರ ನಿರೀಕ್ಷೆ ಬದಲಾಗಿತ್ತು.

ಸ್ಟ್ಯಾನ್‌ಫರ್ಡಿನಲ್ಲಿ ಆಲ್ಬರ್ಟ್ ಬಂಡೂರ 1961ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ದಾರಿ ತೋರಿಸಿತು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಸುತ್ತಿಗೆಯಿಂದ ಬಡಿಯುವುದನ್ನು ನೋಡಿದ ಪುಟ್ಟ ಮಕ್ಕಳು, ಯಾರೂ ಬಹುಮಾನ ಕೊಡದಿದ್ದರೂ, ಆಮೇಲೆ ಹಾಗೆಯೇ ಬಡಿದರು, ಅದೇ ಮಾತುಗಳನ್ನೂ ಆಡಿದರು. ನಮ್ಮ ಉಪದೇಶಕ್ಕಿಂತ ನಮ್ಮ ನಡೆಯನ್ನು ಮಕ್ಕಳು ಚೆನ್ನಾಗಿ ಕಲಿಯುತ್ತಾರೆ.

ಇನ್ನು ಹುಟ್ಟುಗುಣದ ಮಾತು. ಇಂದಿನ ಸಂಶೋಧಕರು ವ್ಯಕ್ತಿತ್ವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಬೇಗ ಕಂಗೆಡುವ ಸ್ವಭಾವ. ಅವಳಿಗಳ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ. 40ರಿಂದ 50ರಷ್ಟಕ್ಕೆ ಅನುವಂಶೀಯತೆ ಕಾರಣ. ಇದನ್ನು ತಪ್ಪಾಗಿ ಓದುವುದು ಬಹಳ ಸುಲಭ. ನಿಮ್ಮ ಅರ್ಧ ಸ್ವಭಾವ ಅಪ್ಪ ಅಮ್ಮನಿಂದ ಬಂತು ಎಂದು ಇದರರ್ಥವಲ್ಲ. ಲೆಕ್ಕ ಇಡೀ ಗುಂಪಿನದು. ಒಬ್ಬ ವ್ಯಕ್ತಿಯಲ್ಲಿ ಇಷ್ಟು ಹುಟ್ಟಿನದು, ಇಷ್ಟು ಬೆಳೆದದ್ದು ಎಂದು ಬಿಡಿಸಿ ತೂಗಲು ಬರುವುದಿಲ್ಲ.

ಹಾಗಾದರೆ ಮೂರು ವರ್ಷದ ಬುದ್ಧಿ? ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೊಂದಿದೆ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ಮೂರನೇ ವರ್ಷದಲ್ಲಿ ಗಮನಿಸಿ, ಅದೇ ಮಕ್ಕಳನ್ನು ಇಪ್ಪತ್ತಾರನೇ ವರ್ಷದಲ್ಲಿ ಮತ್ತೆ ಅಳೆದರು. ಚಂಚಲರಾಗಿ, ಬೇಗ ಸಿಟ್ಟಾಗುತ್ತಿದ್ದವರಲ್ಲಿ ದೊಡ್ಡವರಾದ ಮೇಲೂ ಮುನಿಸು, ಅಪನಂಬಿಕೆಗಳು ಹೆಚ್ಚಾಗಿದ್ದವು. ಹೆದರಿ ಮುದುಡುತ್ತಿದ್ದವರಲ್ಲಿ ಮುಂದೆ ನಿಲ್ಲುವ ಧೈರ್ಯ ಕಡಿಮೆಯಿತ್ತು. ಗಾದೆಯಲ್ಲಿ ಹುರುಳಿದೆ. ಆದರೆ ಈ ನಂಟು ಸಾಧಾರಣ ಮಟ್ಟದ್ದು. ಗುಂಪಿನ ಸರಾಸರಿಯಲ್ಲಿ ಕಾಣುತ್ತದೆ, ಒಂದು ಮಗುವಿನ ಭವಿಷ್ಯ ನುಡಿಯಲು ಸಾಲದು. ಇದರ ಪಕ್ಕದಲ್ಲಿ 2006ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯನ್ನು ಇಡಬೇಕು. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕರ್ತವ್ಯನಿಷ್ಠೆಯೂ ಮನಸ್ಸಿನ ಸ್ಥಿಮಿತವೂ ಹೆಚ್ಚಾಗಿ ಬೆಳೆಯುವುದು ಇಪ್ಪತ್ತರಿಂದ ನಲವತ್ತರ ನಡುವೆ ಎಂದು ತಿಳಿಯಿತು. ಕೆಲಸ, ಸಂಸಾರ, ಹೊಣೆಗಾರಿಕೆಗಳು ಹೆಗಲೇರುವ ವಯಸ್ಸು ಅದು.

ಈ ಸಿದ್ಧಾಂತಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಬಿಡಬೇಡಿ: ಇದು ಯಾರನ್ನು ನೋಡಿ ಹೇಳಿದ ಮಾತು? ಫ್ರಾಯ್ಡರ ಎದುರಿದ್ದವರು ಹೆಚ್ಚಾಗಿ ವಿಯೆನ್ನಾದ ಅನುಕೂಲಸ್ಥರು. ಥಾಮಸ್ ಮತ್ತು ಚೆಸ್ ಅವರ ಮುಖ್ಯ ಗುಂಪು ಓದುಬರಹ ಬಲ್ಲ ಮಧ್ಯಮವರ್ಗ. ನಮ್ಮ ಮಕ್ಕಳ ಬಗ್ಗೆ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಸುಧೀರ್ ಕಾಕರ್. ಎಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರ ಓದಿದ್ದ ಅವರು ಮನೋವಿಶ್ಲೇಷಣೆಯತ್ತ ತಿರುಗಿದ್ದು ಎರಿಕ್ಸನ್ ಅವರನ್ನು ಅಹಮದಾಬಾದಿನಲ್ಲಿ ಭೇಟಿಯಾದ ಮೇಲೆ. 1918ರ ಗಿರಣಿ ಮುಷ್ಕರದ ಗಾಂಧೀಜಿಯನ್ನು ಕುರಿತು ಎರಿಕ್ಸನ್ ಬರೆದ, ಪುಲಿಟ್ಜರ್ ಪ್ರಶಸ್ತಿ ಪಡೆದ ಪುಸ್ತಕದ ಬೀಜವೂ ಆ ಊರಿನಲ್ಲೇ ಬಿದ್ದದ್ದು. ಕಾಕರ್ 1978ರ ತಮ್ಮ ಗ್ರಂಥದಲ್ಲಿ ಹಿಂದೂ ಕುಟುಂಬದ ಗಂಡುಮಗುವಿನ ಬಾಲ್ಯವನ್ನು ವಿವರಿಸುತ್ತಾರೆ. ನಾಲ್ಕೈದು ವರ್ಷದವರೆಗೆ ತಾಯಿಯ ಸೆರಗಿಗೆ ಅಂಟಿಕೊಂಡೇ ಬೆಳೆಯುವ ಮಗು, ಆಮೇಲೆ ಥಟ್ಟನೆ ಗಂಡಸರ ಶಿಸ್ತಿನ ಲೋಕಕ್ಕೆ ಬೀಳುತ್ತದೆ. ಅದು ಅವನಿಗೆ ಎರಡನೇ ಹುಟ್ಟಿನಷ್ಟೇ ಕಠಿಣ ಎನ್ನುತ್ತಾರೆ. ಅವರು ಕಂಡದ್ದು ಅಜ್ಜಿ, ಚಿಕ್ಕಮ್ಮ, ಅತ್ತೆಯರಿಂದ ತುಂಬಿದ ಮನೆ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುವ, ಎರಡನೇ ವರ್ಷಕ್ಕೇ ಪ್ಲೇ ಹೋಮ್ ಸೇರುವ ಬೆಂಗಳೂರಿನ ಮಗುವಿಗೆ ಆ ಚಿತ್ರ ಎಷ್ಟು ಹೊಂದುತ್ತದೆ? ಹೆಣ್ಣುಮಗುವಿನ ಕಥೆ ಎಲ್ಲೆಲ್ಲಿ ಬೇರೆಯಾಗುತ್ತದೆ? ನಿಮ್ಮ ಬೀದಿಯ ಎರಡು ಮನೆಗಳ ಮಕ್ಕಳನ್ನು ಒಂದು ವರ್ಷ ಗಮನವಿಟ್ಟು ನೋಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಕಾಕರ್ ಅವರನ್ನು ಓದಿ.